ಯಂತ್ರದೊಡನೆ ಆಪ್ತಾಲಾಪ

ತಾಲ್ಲೂಕು ಆಸ್ಪತ್ರೆಯ ಹಿಂಬದಿಯ ಪಡಸಾಲೆಯಲ್ಲಿ, ಔಷಧಿಯ ಉಗ್ರಾಣಕ್ಕೂ ರಕ್ತಪರೀಕ್ಷೆಯ ಕೊಠಡಿಗೂ ನಡುವೆ, ಒಂದು ಮೇಜು ಎರಡು ಕುರ್ಚಿ ಹಿಡಿಸುವಷ್ಟೇ ವಿಸ್ತಾರವುಳ್ಳ ಕೋಣೆಯೊಂದು ಇರುತ್ತದೆ; ಅದರ ಬಾಗಿಲ ಮೇಲಿನ 'ಐಸಿಟಿಸಿ' (ಆಪ್ತಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರ) ಎಂಬ ಬರೆಹವನ್ನು ನೋಡಿಯೂ ನೋಡದವರಂತೆ ಜನ ಹಾದುಹೋಗುವುದು ವಾಡಿಕೆ. ಅಲ್ಲಿ ಒಬ್ಬ ಮನುಷ್ಯನ ರಕ್ತವನ್ನು ಮೊದಲು ಒಂದು ಕಿಟ್ಟಿನಲ್ಲಿ ಪರೀಕ್ಷಿಸಿ, ಅದು ಎಚ್‌ಐವಿ ಸೋಂಕಿನ ಸೂಚನೆಯನ್ನು ಕೊಟ್ಟರೆ ಬೇರೆ ಬೇರೆ ವಿಧಾನದ ಇನ್ನೆರಡು ಕಿಟ್ಟುಗಳಲ್ಲಿ ಪರೀಕ್ಷಿಸಿ, ಮೂರೂ ಒಂದೇ ಮಾತನ್ನು ಹೇಳಿದ ತರುವಾಯವೇ ಆಪ್ತಸಮಾಲೋಚಕರು ಆತನನ್ನು ಒಳಕ್ಕೆ ಕರೆದು, ಕದ ಮುಚ್ಚಿ, ಫಲಿತಾಂಶವನ್ನು ತಿಳಿಸುತ್ತಾರೆ. ಅನಂತರ ಅವರು ಆಡುವ ಮಾತುಗಳೆಲ್ಲ ಯಥಾರ್ಥವಾದುವು, ಹಿತವಾದುವು: ಇದು ಸಾವಿನ ಚೀಟಿಯಲ್ಲ, ದಿನಕ್ಕೊಂದು ಮಾತ್ರೆ ನುಂಗಿದರೆ ಎಲ್ಲರಷ್ಟೇ ದೀರ್ಘಕಾಲ ಬದುಕಬಹುದು, ಮಾತ್ರೆಗೆ ಹಣ ಕೊಡಬೇಕಾಗಿಲ್ಲ, ನಾಳೆಯೇ ವೈರಾಣು ನಿರೋಧಕ ಚಿಕಿತ್ಸೆಯ ಎಆರ್‌ಟಿ ಕೇಂದ್ರಕ್ಕೆ ಹೋಗಿ ಹೆಸರು ಬರೆಯಿಸಿ. ಆದರೆ 'ಪಾಸಿಟಿವ್' ಎಂಬ ಮೊದಲ ಶಬ್ದ ಕಿವಿಗೆ ಬಿದ್ದ ಮೇಲೆ ಹಿಂದಿನಿಂದ ಬಂದ ಈ ಹಿತವಚನಗಳಲ್ಲಿ ಎಷ್ಟು ಒಳಗೆ ಇಳಿದುವೆಂಬುದನ್ನು ಆ ಕುರ್ಚಿಯಲ್ಲಿ ಕುಳಿತವರೇ ಹೇಳಬೇಕು. ಅವರಲ್ಲಿ ಹಲವರು ಹೇಳುವುದು, ಮನೆಗೆ ಹೇಗೆ ಬಂದೆವೆಂಬುದೇ ನೆನಪಿಲ್ಲವೆಂದು.

ಪ್ರಶ್ನೆಗಳು ಹುಟ್ಟುವುದು ಆಸ್ಪತ್ರೆಯ ಬಾಗಿಲು ಮುಚ್ಚಿದ ಮೇಲೆ. ಮಗುವಿಗೂ ಬಂದಿದ್ದೀತೆ? ತಟ್ಟೆ ಲೋಟಗಳನ್ನು ಬೇರೆ ಮಾಡಬೇಕೆ? ಮಾತ್ರೆ ನುಂಗಿದೊಡನೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕೆ, ಬೇಡವೆ? ಮದುವೆಗೆ ಗೊತ್ತಾಗಿರುವ ಹುಡುಗಿಯ ಮನೆಯವರಿಗೆ ಹೇಳುವುದೇ, ಹೇಳಿದರೆ ಏನೆಂದು ಹೇಳುವುದು? ಮನೆಯವರೆಲ್ಲ ಮಲಗಿದ ಬಳಿಕ ಹೊದಿಕೆಯೊಳಗೆ ಬೆಳಗುವ ಫೋನಿನ ಪರದೆಯೊಂದೇ ಆ ಹೊತ್ತಿಗೆ ಕೇಳಲು ಯೋಗ್ಯವಾದ ಕಿವಿಯಾಗಿ ತೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ವಾಟ್ಸ್‌ಆಪ್‌ನಂಥ ಸಂದೇಶವಾಹಿನಿಗಳ ಮೂಲಕ ಪ್ರಶ್ನೆಗೆ ತಾನಾಗಿಯೇ ಉತ್ತರ ಬರೆಯುವ ಚಾಟ್‌ಬಾಟ್‌ಗಳನ್ನು ಹೊಸದಾಗಿ ಸೋಂಕು ಪತ್ತೆಯಾದವರ ಸಹಾಯಕ್ಕೆ ನಿಯೋಜಿಸಬೇಕೆಂಬ ವಿಚಾರ ಆಫ್ರಿಕ, ಅಮೆರಿಕ, ಏಷ್ಯಗಳ ಹಲವೆಡೆ ಪ್ರಯೋಗಕ್ಕೆ ಬಂದಿರುವುದು ಈ ಅಪರಾತ್ರಿಯ ಪ್ರಶ್ನೆಗಳಿಗಾಗಿ.

ರೋಗದ ಅರ್ಥವೇ ಈ ನಲವತ್ತು ವರ್ಷಗಳಲ್ಲಿ ಬದಲಾಗಿದೆ. 1986ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಭಾರತದ ಮೊದಲ ಸೋಂಕುಗಳು ಗೋಚರಿಸಿದಾಗ ವೈದ್ಯರ ಕೈಯಲ್ಲಿ ಔಷಧವೆಂಬುದು ಏನೂ ಇರಲಿಲ್ಲ. 2004ರ ಏಪ್ರಿಲಿನಲ್ಲಿ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತಾದರೂ, ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಕಣಗಳ ಎಣಿಕೆ ಒಂದು ಮಟ್ಟಕ್ಕಿಂತ ಕೆಳಗಿಳಿಯುವ ತನಕ ರೋಗಿ ಕಾದಿರಬೇಕಾಗಿತ್ತು. ಆ ಕಾಯುವಿಕೆಯಲ್ಲಿ ಭಯವಿತ್ತೆಂಬುದು ದಿಟ, ಆದರೆ ತಿಳಿದುಕೊಳ್ಳಲು ಅವಕಾಶವೂ ಇತ್ತು. 2017ರಿಂದ ಆ ನಿಯಮ ಹೋಗಿ, ಸೋಂಕು ಪತ್ತೆಯಾದವರೆಲ್ಲರಿಗೂ ಸಿಡಿ4 ಎಷ್ಟೇ ಇರಲಿ ಕೂಡಲೆ ಚಿಕಿತ್ಸೆ ಎಂಬ ನೀತಿ ಬಂದಿತು. ಬಳಿಕ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಎಂಬ ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಅಡಗಿಸಿದ ಟಿಎಲ್‌ಡಿ ಬಂದಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಶ್ರೇಯಸ್ಕರವಾದ ಮಾರ್ಪಾಟು. ಆದರೆ ಮೊದಲು ತಿಂಗಳುಗಳಲ್ಲಿ ಹಂಚಿಹೋಗುತ್ತಿದ್ದ ಕಲಿಕೆಯೆಲ್ಲ ಈಗ ಒಂದೆರಡು ವಾರದೊಳಗೆ ಒತ್ತರಿಸಿ ಬರುತ್ತದೆ. ಸುದ್ದಿಯ ಆಘಾತ ಇನ್ನೂ ಇಳಿಯುವ ಮೊದಲೇ ಕೈಯಲ್ಲಿ ಚಿಕಿತ್ಸೆಯ ದಾಖಲೆಯ ಹಸಿರು ಪುಸ್ತಕವೂ ಮಾತ್ರೆಯ ಡಬ್ಬಿಯೂ ಇರುತ್ತವೆ. ಇನ್ನೊಂದು ವಿಪರ್ಯಾಸವೂ ಇದೆ. ಔಷಧ ಹೊಸದು, ಭಯ ಮಾತ್ರ ತೊಂಬತ್ತರ ದಶಕದ್ದೇ. ಆ ದಿನಗಳಲ್ಲಿ ತಲೆಬುರುಡೆಯ ಚಿತ್ರ ಬರೆದು ಗೋಡೆಗೋಡೆಗೆ ಅಂಟಿಸಿದವರು ಶತ್ರುಗಳಲ್ಲ, ಆರೋಗ್ಯ ಪ್ರಚಾರಕರೇ ಎಂಬುದನ್ನು ಮರೆಯಬಾರದು.

ಆದುದರಿಂದ ಆ ರಾತ್ರಿಯ ಪ್ರಶ್ನೆಗಳಲ್ಲಿ ಕೆಲವು ನಿಶ್ಚಿತವಾದ ಉತ್ತರವುಳ್ಳವು, ಆ ಉತ್ತರ ಸಂತೋಷದಾಯಕವೂ ಹೌದು. ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಕ್ಕದಷ್ಟು ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬುದು ಈಗ ಊಹೆಯಲ್ಲ. ಚೆನ್ನೈ ಪುಣೆಗಳ ದಂಪತಿಗಳನ್ನೂ ಒಳಗೊಂಡ ಎಚ್‌ಪಿಟಿಎನ್ 052 ಎಂಬ ಬೃಹತ್ ಅಧ್ಯಯನವೂ, ಯೂರೋಪಿನ 'ಪಾರ್ಟ್‌ನರ್' ಅಧ್ಯಯನಗಳೂ ಅದನ್ನು ಸ್ಥಿರಪಡಿಸಿವೆ. 2019ರಲ್ಲಿ ಪ್ರಕಟವಾದ ಎರಡನೆಯ 'ಪಾರ್ಟ್‌ನರ್' ಅಧ್ಯಯನದಲ್ಲಿ ಇಂತಹ ಸಂಗಾತಿಯಿಂದ ದಾಟಿದ ಸೋಂಕುಗಳ ಸಂಖ್ಯೆ ಸೊನ್ನೆ. ಈ ಒಂದು ವಿಷಯವನ್ನು ಮೊದಲ ವಾರದಲ್ಲಿಯೇ, ಬೇಸರಿಸದೆ, ಎಷ್ಟು ಸಲ ಕೇಳಿದರೆ ಅಷ್ಟು ಸಲ ಹೇಳಬಲ್ಲ ಯಂತ್ರವಿದ್ದರೆ ಅದರಿಂದ ಆಗುವ ಉಪಕಾರ ಸಾಮಾನ್ಯವಾದುದಲ್ಲ.

ಇನ್ನೂ ಸೂಕ್ಷ್ಮವಾದ ಉದಾಹರಣೆಯೊಂದನ್ನು ಕೊಡುತ್ತೇನೆ. ನಮ್ಮ ನಾಡಿನ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಸೋಂಕಿನ ವಿಷಯ ತಿಳಿಯುವುದು ಬಸುರಿನ ತಪಾಸಣೆಯ ಸಮಯದಲ್ಲಿ. ಅದೇ ತಪಾಸಣೆಯ ದಿನ ಅವರ ಸೆರಗಿನ ಗಂಟಿಗೆ ಕಬ್ಬಿಣಾಂಶದ ಮಾತ್ರೆಯೂ ಸುಣ್ಣಾಂಶದ ಮಾತ್ರೆಯೂ ಸೇರಿರುತ್ತವೆ. ಡೊಲುಟೆಗ್ರವಿರ್ ಈ ಎರಡರೊಡನೆ ಖಾಲಿ ಹೊಟ್ಟೆಯಲ್ಲಿ ಸೇರಿದರೆ ಅವುಗಳಿಗೆ ಅಂಟಿಕೊಂಡು ದೇಹಕ್ಕೆ ಸರಿಯಾಗಿ ಹೀರಿಕೆಯಾಗದೆ ಹೋಗುತ್ತದೆ. ಊಟದೊಡನೆ ಆದರೆ ಒಟ್ಟಿಗೆ ನುಂಗಬಹುದು, ಇಲ್ಲವಾದರೆ ಅವುಗಳಿಗಿಂತ ಎರಡು ಗಂಟೆ ಮುಂಚೆ ಅಥವಾ ಆರು ಗಂಟೆ ತರುವಾಯ ಇದನ್ನು ನುಂಗಬೇಕು. ಎದೆಯುರಿಗೆಂದು ಅಂಗಡಿಯಲ್ಲಿ ಕೊಂಡು ಕುಡಿಯುವ ಅಲ್ಯೂಮಿನಿಯಂ ಮೆಗ್ನೀಸಿಯಂ ಬೆರೆತ ಆಮ್ಲಶಾಮಕಗಳಿಗಾದರೆ ಊಟದ ರಿಯಾಯಿತಿಯೂ ಇಲ್ಲ, ಅಂತರವನ್ನು ಕಾಯಲೇಬೇಕು. ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್‌ಗೆ ಬೇರೊಂದು ಎಚ್ಚರಿಕೆ; ಕ್ಷಯದ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರವಿರನ್ನು ದಿನಕ್ಕೆರಡು ಬಾರಿ ಕೊಡಬೇಕಾಗುತ್ತದೆ. ದಿನಕ್ಕೆ ಅರುವತ್ತು ಎಪ್ಪತ್ತು ಮಂದಿಯನ್ನು ನೋಡಬೇಕಾದ ಕೇಂದ್ರದಲ್ಲಿ ಇದನ್ನೆಲ್ಲ ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದು ಮನುಷ್ಯಮಾತ್ರರಿಗೆ ದುಸ್ಸಾಧ್ಯ. ಹೇಳಿದರೂ ಮೂರನೆಯ ದಿನಕ್ಕೆ ಎರಡು ಗಂಟೆ ಮೊದಲೋ ಆರು ಗಂಟೆ ಮೊದಲೋ ಎಂಬುದು ಮರೆತಿರುತ್ತದೆ. ಕೆನಡದ ಮಾಂಟ್ರಿಯಲ್‌ನಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಡಾ. ಬರ್ಟ್ರಾಂಡ್ ಲೆಬೂಶೆಯವರ ಬಳಗ ಎಚ್‌ಐವಿಯೊಂದಿಗೆ ಬದುಕುವವರಿಗಾಗಿ ರಚಿಸಿದ 'ಮಾರ್ವಿನ್' ಎಂಬ ಚಾಟ್‌ಬಾಟ್ ಇಂಗ್ಲಿಷ್ ಫ್ರೆಂಚ್ ಎರಡರಲ್ಲಿಯೂ ಮುಖ್ಯವಾಗಿ ಮಾಡಹೊರಟದ್ದು ಇಂತಹ ಕೆಲಸವನ್ನೇ: ಮಾತ್ರೆ ತಪ್ಪಿದರೆ ಏನು ಮಾಡಬೇಕು, ಪ್ರಯಾಣದಲ್ಲಿ ಏನು, ಬೇರೆ ಔಷಧದೊಡನೆ ಏನು. ಅದರ ಯೋಗ್ಯತೆಯನ್ನು ಪರೀಕ್ಷಿಸುವ ಹೊತ್ತಿನಲ್ಲಿ ರೋಗಿಗಳನ್ನೂ ರಚನೆಯ ಕಾರ್ಯಕ್ಕೆ ಸೇರಿಸಿಕೊಂಡದ್ದು ಆ ಬಳಗದ ವಿವೇಕ.

ಯಂತ್ರದ ಪರವಾಗಿ ಹೇಳಬೇಕಾದ ಮತ್ತೊಂದು ಮಾತು ಲಜ್ಜೆಗೆ ಸಂಬಂಧಿಸಿದುದು. 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಚಾರ್ಲ್ಸ್ ಟರ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗರಿಗೆ ಗಂಡಸರೊಡನೆ ಲೈಂಗಿಕ ಸಂಪರ್ಕವಾಗಿತ್ತೆ ಎಂಬ ಪ್ರಶ್ನೆಯನ್ನು ಕಾಗದದ ಮೇಲೆ ಕೇಳಿದಾಗ ಹೌದೆಂದವರು ನೂರಕ್ಕೆ 1.5 ಮಂದಿ, ಅದೇ ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡ ಶ್ರವಣಸಾಧನದ ಮೂಲಕ ಗಣಕಯಂತ್ರವೇ ಕೇಳಿದಾಗ 5.5 ಮಂದಿ. ಎದುರಿಗೆ ಕುಳಿತವನ ಹುಬ್ಬು ಏರದು ಎಂಬ ಭರವಸೆಯೇ ಎಷ್ಟು ಬಾಯಿಗಳನ್ನು ತೆರೆಯಿಸುತ್ತದೆ! ನಮ್ಮಲ್ಲಿ ಸಮಾಲೋಚಕಿಯೂ ಅದೇ ಊರಿನವಳು, ಲ್ಯಾಬಿನ ಹುಡುಗ ಅತ್ತೆಯ ಮನೆಯ ಕಡೆಯವನು. ಗಂಡ ಲಾರಿಯ ಮೇಲೆ ಹೋದವನು ಎಲ್ಲೆಲ್ಲಿ ನಿಂತಿದ್ದನೆಂಬುದನ್ನೋ, ತಾನು ಗಂಡಸರನ್ನೇ ಮೆಚ್ಚುವವನೆಂಬುದನ್ನೋ, ಅವರ ಮುಖ ನೋಡಿಕೊಂಡು ಹೇಳುವುದಕ್ಕಿಂತ ಮುಖವಿಲ್ಲದ ಪರದೆಗೆ ಹೇಳುವುದು ಸುಲಭ.

ಇಲ್ಲಿಯ ತನಕ ಹೇಳಿದ್ದು ಉತ್ಸಾಹದ ಪಕ್ಷ. ಇನ್ನು ಪ್ರಮಾಣಗಳ ಮಾತಿಗೆ ಬರೋಣ. ಪ್ರಮಾಣಗಳು ಉತ್ಸಾಹದಷ್ಟು ದಾಕ್ಷಿಣ್ಯವುಳ್ಳವಲ್ಲ.

ಚಾಟ್‌ಬಾಟ್ ಎಂಬ ಹೆಸರು ಪ್ರಚಾರಕ್ಕೆ ಬರುವುದಕ್ಕೆ ಮುಂಚೆ, ಸಾಮಾನ್ಯ ಎಸ್‌ಎಂಎಸ್ ದಿನಗಳಲ್ಲಿ, ಕೀನ್ಯದಲ್ಲಿ ನಡೆದ ಪ್ರಯೋಗವೊಂದು ಈ ಶಾಸ್ತ್ರದಲ್ಲಿ ಪ್ರಸಿದ್ಧವಾದುದು. ರಿಚರ್ಡ್ ಲೆಸ್ಟರ್ ಎಂಬ ಕೆನಡದ ವೈದ್ಯರು ಸ್ಥಳೀಯ ಸಹೋದ್ಯೋಗಿಗಳೊಡನೆ ನೈರೋಬಿಯ ಮತ್ತು ಕಜಿಯಾಡೊ ಪ್ರಾಂತದ ಮೂರು ಚಿಕಿತ್ಸಾಲಯಗಳಲ್ಲಿ, ಎಆರ್‌ಟಿ ಆರಂಭಿಸುತ್ತಿದ್ದ 538 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿದರು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿನವರ ಫೋನಿಗೆ ಪ್ರತಿ ಸೋಮವಾರ ಬೆಳಗ್ಗೆ ಸ್ವಾಹಿಲಿಯಲ್ಲಿ 'ಮಾಂಬೋ?' ಎಂದು ಸಂದೇಶ ಬರುತ್ತಿತ್ತು. 'ಹೇಗಿದ್ದೀರಿ' ಎಂಬಷ್ಟೇ ಅದರ ತಾತ್ಪರ್ಯ. ಚೆನ್ನಾಗಿದ್ದರೆ 'ಸಾವಾ' ಎಂದೂ, ತೊಂದರೆಯಿದ್ದರೆ 'ಶಿದಾ' ಎಂದೂ ನಲವತ್ತೆಂಟು ಗಂಟೆಯೊಳಗೆ ಮರುತ್ತರ ಬರೆಯಬೇಕು. ರೋಗದ ಹೆಸರಿಲ್ಲ, ಮಾತ್ರೆಯ ಸೊಲ್ಲಿಲ್ಲ. ಹೆಂಡತಿಯೋ ಅಣ್ಣನೋ ಓದಿದರೂ ಗೆಳೆಯನ ಕುಶಲಪ್ರಶ್ನೆಯೆಂದೇ ತಿಳಿಯಬೇಕು. 'ಶಿದಾ' ಎಂದು ಬರೆದವರಿಗೂ, ಏನೂ ಬರೆಯದೆ ಉಳಿದವರಿಗೂ ಚಿಕಿತ್ಸಾಲಯದ ನರ್ಸ್ ಫೋನ್ ಮಾಡುತ್ತಿದ್ದಳು. ಒಂದು ವರ್ಷದ ಕೊನೆಗೆ ಎಣಿಸಿದಾಗ, ಔಷಧವನ್ನು ಸರಿಯಾಗಿ ಸೇವಿಸುತ್ತಿದ್ದವರು ಸಂದೇಶದ ಗುಂಪಿನಲ್ಲಿ ನೂರಕ್ಕೆ 62, ಇನ್ನೊಂದರಲ್ಲಿ 50; ವೈರಾಣು ಹತೋಟಿಗೆ ಬಂದವರು 57 ಮತ್ತು 48. 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ವರದಿ ಬಂದ ಬಳಿಕ ಪ್ರಪಂಚದ ಅರ್ಧಭಾಗ, ಫೋನು ಕೈಯಲ್ಲಿದ್ದರೆ ಸಾಕು, ಎಂಬ ಆವೇಶದಲ್ಲಿ ಹೊರಟಿತು.

ಬೆಂಗಳೂರಿನಲ್ಲಿಯೂ ಅದೇ ಕಾಲದಲ್ಲಿ ಗಂಭೀರವಾದ ಕೆಲಸ ನಡೆದಿತ್ತೆಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನಿತಾ ಶೆಟ್ ಮತ್ತು ಅವರ ಬಳಗ ಮೊದಲು 150 ಮಂದಿ ರೋಗಿಗಳಿಗೆ ವಾರಕ್ಕೊಂದು ಬಾರಿ ಯಾಂತ್ರಿಕ ಧ್ವನಿಯ ಕರೆಯನ್ನೂ, ಅಕ್ಷರವಿಲ್ಲದ ನಿರುಪದ್ರವಿ ಚಿತ್ರಸಂದೇಶವೊಂದನ್ನೂ ಕಳುಹಿಸಿ ನೋಡಿದರು. ಓದುಬರೆಹವಿಲ್ಲದವರಿಗೂ ಮುಟ್ಟಲೆಂಬುದು, ಮನೆಯವರ ಕಣ್ಣಿಗೆ ಬಿದ್ದರೂ ಗುಟ್ಟು ಒಡೆಯದಿರಲೆಂಬುದು ಅದರ ಉದ್ದೇಶ. ಆರು ತಿಂಗಳಲ್ಲಿ ಔಷಧಪಾಲನೆ ನೂರಕ್ಕೆ 85ರಿಂದ 91ಕ್ಕೆ ಏರಿತು. ಜನ ಚಿತ್ರಕ್ಕಿಂತ ಕರೆಯನ್ನೇ ಮೆಚ್ಚಿದರು. ಇಷ್ಟಕ್ಕೇ ನಿಂತಿದ್ದರೆ ಚಪ್ಪಾಳೆಯೇ ಉಳಿಯುತ್ತಿತ್ತು. ಆದರೆ ಅವರು ನಿಲ್ಲಲಿಲ್ಲ. ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ ಚಿಕಿತ್ಸೆಯನ್ನು ಹೊಸದಾಗಿ ಆರಂಭಿಸಿದ 631 ಮಂದಿಯನ್ನು, ಅರ್ಧದಷ್ಟು ಜನಕ್ಕೆ ಕರೆ ಉಂಟು ಅರ್ಧದಷ್ಟು ಜನಕ್ಕೆ ಇಲ್ಲ ಎಂಬಂತೆ ಹಂಚಿ, ಎರಡು ವರ್ಷ ಹಿಂಬಾಲಿಸಿದರು. 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಫಲಿತಾಂಶ: ಎರಡು ಗುಂಪುಗಳಿಗೂ ಏನೇನೂ ವ್ಯತ್ಯಾಸವಿಲ್ಲ. ಕರೆ ಬಂದವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ವಿಫಲವಾಯಿತೋ, ಹೆಚ್ಚುಕಡಮೆ ಅಷ್ಟೇ ಮಂದಿಗೆ ಕರೆ ಬಾರದವರಲ್ಲಿಯೂ ವಿಫಲವಾಗಿತ್ತು. ತಾವೇ ಕಟ್ಟಿದ ಸಾಧನ ನಿಷ್ಫಲವೆಂದು ಜಗತ್ತಿಗೆ ಸಾರುವ ಈ ಬಗೆಯ ವರದಿಗಳಿಗೆ ಹಾರತುರಾಯಿ ದೊರೆಯುವುದಿಲ್ಲ. ದೊರೆಯತಕ್ಕದ್ದೆಂದು ನನ್ನ ಅಭಿಪ್ರಾಯ.

ನೈರೋಬಿಯಲ್ಲಿ ಫಲಿಸಿದ್ದು ಇಲ್ಲೇಕೆ ಫಲಿಸಲಿಲ್ಲ? ಒಂದು ಕಾರಣ ಸರಳ: ನಮ್ಮ ಕೇಂದ್ರಗಳಲ್ಲಿ ಕರೆಯಿಲ್ಲದವರಿಗೂ ಸಮಾಲೋಚನೆ ಮೊದಲಿನಿಂದಲೇ ದೊರೆಯುತ್ತಿದ್ದುದರಿಂದ ಯಂತ್ರವು ಸೇರಿಸಬಹುದಾದುದು ಅಲ್ಪವಾಗಿತ್ತು. ಇನ್ನೊಂದು ಕಾರಣವನ್ನು ನಾನು ಅನುಮಾನಿಸುತ್ತೇನೆ. ಬೆಂಗಳೂರಿನ ಕರೆ ಔಷಧ ನುಂಗಿದಿರಾ ಎಂಬ ಲೆಕ್ಕವನ್ನು ಕೇಳುತ್ತಿತ್ತು. ನೈರೋಬಿಯ ಸಂದೇಶ ಯೋಗಕ್ಷೇಮವನ್ನು ಕೇಳಿ, ಕಷ್ಟವೆಂದವನಿಗೆ ಒಬ್ಬ ನರ್ಸಿನ ಧ್ವನಿಯನ್ನು ಒದಗಿಸುತ್ತಿತ್ತು. ಆದರೆ ಈ ವ್ಯಾಖ್ಯಾನವೂ ಪೂರ್ತಿಯಾಗಿ ನಿಲ್ಲುವಂತಿಲ್ಲ. ಏತಕ್ಕೆಂದರೆ, ಅದೇ ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ, ಅದೇ ಬಳಗದವರು, ಸೋಂಕು ಆಗತಾನೆ ಪತ್ತೆಯಾಗಿ ಚಿಕಿತ್ಸಾಲಯದ ಹೊಸ್ತಿಲನ್ನು ತುಳಿದ 700 ಮಂದಿಗೆ ಅದೇ ಸೋಮವಾರದ ಪ್ರಶ್ನೆಯನ್ನು ಕಳುಹಿಸಿ, ಒಂದು ವರ್ಷದ ಬಳಿಕ ಎಷ್ಟು ಜನ ಚಿಕಿತ್ಸಾಲಯದ ಸಂಪರ್ಕದಲ್ಲಿ ಉಳಿದರೆಂದು ಎಣಿಸಿದಾಗ, 2018ರ ಆ ವರದಿಯಲ್ಲಿ ಸಂದೇಶ ಬಂದವರಿಗೂ ಬಾರದವರಿಗೂ ಭೇದ ಕಾಣಲಿಲ್ಲ. ಮನುಷ್ಯರ ಧ್ವನಿ ಅಲ್ಲಿಯೂ ಇತ್ತು.

ಈ ಎರಡು ಸೋಲುಗಳನ್ನು ಮುಂದಿಟ್ಟುಕೊಂಡು ಯಂತ್ರವನ್ನು ತಿರಸ್ಕರಿಸುವವರೊಡನೆ ನಾನು ಇಲ್ಲ. ಕಿಬೆರಾದ ದಿನಗೂಲಿಯವನು ಚಿಕಿತ್ಸಾಲಯವನ್ನು ಬಿಡುವುದು ಊರು ಬದಲಾಯಿಸಿದ್ದರಿಂದಲೋ, ಅರ್ಧ ದಿನದ ಕೂಲಿ ತಪ್ಪುವುದೆಂದೋ ಆಗಿದ್ದರೆ, ಕುಶಲಪ್ರಶ್ನೆ ಅವನನ್ನು ತಡೆದು ನಿಲ್ಲಿಸಲಾರದು. ನಮ್ಮ ರಾಯಚೂರು ಯಾದಗಿರಿಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರ ಕತೆಯೂ ಇದೇ. ಅವರ ಮಾತ್ರೆ ಅವರ ಬೆನ್ನಹಿಂದೆಯೇ ಬೆಂಗಳೂರಿಗೆ ಬರುವಂತೆ ಮಾಡುವುದು ವಿತರಣೆಯ ವ್ಯವಸ್ಥೆಗೆ ಸೇರಿದ ಕೆಲಸ. ಯಂತ್ರದಿಂದ ನಾವು ಬಯಸಬೇಕಾದುದು ಬೇರೆ: ಮೊದಲ ವಾರಗಳ ಅಜ್ಞಾನವನ್ನೂ ಏಕಾಂತವನ್ನೂ ತುಸು ಕಡಮೆ ಮಾಡುವುದು, ಮತ್ತು ಕಷ್ಟವೆಂಬ ಮಾತು ಬಂದೊಡನೆ ತಾನು ಹಿಂದೆ ಸರಿದು ಮನುಷ್ಯನನ್ನು ಮುಂದಕ್ಕೆ ಕರೆಯುವುದು. ಈ ಎರಡನೆಯದನ್ನು ಮಾಡಲಾರದ ಯಂತ್ರ ಮೊದಲನೆಯದನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಅದನ್ನು ಹೊಸ ರೋಗಿಯ ಕೈಗೆ ಕೊಡಕೂಡದು ಎಂಬುದೇ ನನ್ನ ವಾದ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1997ರಿಂದ 2012ರ ವರೆಗಿನ ಮರಣಗಳನ್ನು ಪರಿಶೀಲಿಸಿದವರು ಕಂಡುಕೊಂಡ ಕಠೋರ ಸಂಗತಿ, ಎಚ್‌ಐವಿ ಸೋಂಕಿತರಲ್ಲಿ ಆತ್ಮಹತ್ಯೆಯ ಅಪಾಯ ಸೋಂಕು ಪತ್ತೆಯಾದ ಮೊದಲ ವರ್ಷದಲ್ಲಿಯೇ ಅತ್ಯಧಿಕವಾಗಿತ್ತೆಂಬುದು. ಔಷಧ ಸುಲಭವಾಗಿ ದೊರೆಯುವ ದೇಶದಲ್ಲಿಯೇ ಹೀಗೆ.

ಯಂತ್ರಕ್ಕೆ ಹಿಂದೆ ಸರಿಯುವ ಬುದ್ಧಿ ಸ್ವಭಾವತಃ ಇಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜ಼ನ್‌ಬಾಮ್ 'ಎಲೈಜ಼ಾ' ಎಂಬ ಪುಟ್ಟ ಕ್ರಮವಿಧಿಯನ್ನು ಪ್ರಕಟಿಸಿದರು. ಮನೋವೈದ್ಯನಂತೆ ನಟಿಸುತ್ತಿದ್ದ ಅದು ಎದುರಿನವರ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿಸಿ ಕೊಡುತ್ತಿತ್ತು, ಮತ್ತೇನೂ ಇಲ್ಲ. ಅದರ ಪೊಳ್ಳುತನವನ್ನು ಬಲ್ಲ ಅವರ ಸ್ವಂತ ಕಾರ್ಯದರ್ಶಿನಿಯೇ ಒಂದು ದಿನ ಅದರೊಡನೆ ಮಾತಿಗೆ ತೊಡಗಿ, ದಯವಿಟ್ಟು ಕೋಣೆಯಿಂದ ಸ್ವಲ್ಪ ಹೊರಗಿರಿ ಎಂದು ಅವರನ್ನು ಕೇಳಿಕೊಂಡಳಂತೆ. ಬೆಚ್ಚಿಬಿದ್ದ ವೈಜ಼ನ್‌ಬಾಮ್ ಉಳಿದ ಆಯುಷ್ಯದ ಬಹುಭಾಗವನ್ನು ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳು ಯಾವುವೆಂಬ ವಿಚಾರದಲ್ಲಿ ಕಳೆದರು. ಆ ಎಲೈಜ಼ಾಳ ಮುಂದೆ, ತಾವಾಗಿಯೇ ವಾಕ್ಯ ಹೆಣೆಯುವ ಇಂದಿನ ಭಾಷಾಮಾದರಿಗಳ ವಾಗ್ವೈಭವ ಇರುವೆಯ ಮುಂದಿನ ಆನೆಯಂತೆ. ಅವು ತಿಳಿಯದುದನ್ನೂ ತಿಳಿದಂತೆ, ನಯವಾದ ವಾಕ್ಯಗಳಲ್ಲಿ, ಸಂಶಯದ ಸುಳಿವಿಲ್ಲದೆ ಹೇಳಬಲ್ಲವು. ಕಬ್ಬಿಣದ ಮಾತ್ರೆಗೆ ಎರಡು ಗಂಟೆಯೆನ್ನುವಲ್ಲಿ ಆರೆಂದೂ, ಆರೆನ್ನುವಲ್ಲಿ ಎರಡೆಂದೂ ಅದಲುಬದಲಾಗಿ ಹೇಳಿದರೆ ಹಳ್ಳಿಯ ಹೆಂಗಸು ಅದನ್ನು ಹೇಗೆ ತಾನೇ ಕಂಡುಹಿಡಿದಾಳು? ಆದುದರಿಂದಲೇ ವೈದ್ಯರು ತಿದ್ದಿ ಒಪ್ಪಿದ ಉತ್ತರಗಳನ್ನು ಮಾತ್ರ ಆಯ್ದು ಕೊಡುವ, ಹೊಸದಾಗಿ ಏನನ್ನೂ ಕಟ್ಟಿ ಹೇಳದ ಹಳೆಯ ಮಾದರಿಯ ಬಾಟ್‌ಗಳು ನೀರಸವಾದರೂ ಈ ಕ್ಷೇತ್ರದಲ್ಲಿ ಸುರಕ್ಷಿತ. 2023ರಲ್ಲಿ ಅಮೆರಿಕದ ಆಹಾರವ್ಯಾಧಿಗಳ ರಾಷ್ಟ್ರೀಯ ಸಂಘವೊಂದು ಮನುಷ್ಯರು ನಡೆಸುತ್ತಿದ್ದ ತನ್ನ ಸಹಾಯವಾಣಿಯನ್ನು ಮುಚ್ಚುವುದಾಗಿ ಸಾರಿ, 'ಟೆಸ್ಸಾ' ಎಂಬ ಬಾಟನ್ನು ಮುಂದೆ ನಿಲ್ಲಿಸಿದಾಗ, ಉಪವಾಸವೇ ವ್ಯಾಧಿಯಾದವರಿಗೆ ಅದು ತೂಕ ಇಳಿಸುವ ಉಪದೇಶವನ್ನು ಕೊಟ್ಟಿತು. ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಬರೆದಿಟ್ಟ ಉತ್ತರಗಳಿಂದ ನಡೆಯುವಂತೆ ಸಂಶೋಧಕರು ಕಟ್ಟಿದ್ದ ಬಾಟಿಗೆ ಅದನ್ನು ನಡೆಸುತ್ತಿದ್ದ ಸಂಸ್ಥೆ ಅನಂತರ ಸ್ವತಂತ್ರವಾಗಿ ವಾಕ್ಯ ಹೆಣೆಯುವ ಶಕ್ತಿಯನ್ನು ಸೇರಿಸಿತ್ತೆಂದು ಬಳಿಕ ಬಯಲಾಯಿತು.

ಇನ್ನು ಗೋಪ್ಯದ ವಿಷಯ. ಲಂಡನ್ನಿನ 56 ಡೀನ್ ಸ್ಟ್ರೀಟ್ ಎಂಬ ಪ್ರಖ್ಯಾತ ಲೈಂಗಿಕ ಆರೋಗ್ಯ ಚಿಕಿತ್ಸಾಲಯ 2015ರಲ್ಲಿ ತನ್ನ 781 ಮಂದಿ ಸೇವಾರ್ಥಿಗಳಿಗೆ ವಾರ್ತಾಪತ್ರವೊಂದನ್ನು ಇ-ಮೇಲ್ ಮಾಡುವಾಗ ವಿಳಾಸಗಳನ್ನು ತಪ್ಪು ಅಂಕಣದಲ್ಲಿ ತುಂಬಿದ್ದರಿಂದ ಎಲ್ಲರ ವಿಳಾಸವೂ ಎಲ್ಲರಿಗೂ ಕಾಣಿಸಿತು. ಕೆಟ್ಟ ಉದ್ದೇಶ ಯಾರದೂ ಇರಲಿಲ್ಲ, ಒಂದು ಬೆರಳು ಒಂದು ಅಂಗುಲ ಜಾರಿತ್ತು. 2019ರ ಜನವರಿಯಲ್ಲಿ ಸಿಂಗಪುರದ ಸರ್ಕಾರ, ತನ್ನ ಎಚ್‌ಐವಿ ದಾಖಲೆಯಿಂದ 14,200 ಮಂದಿಯ ವಿವರಗಳು ಸೋರಿ ಅಂತರ್ಜಾಲದಲ್ಲಿ ಪ್ರಕಟವಾದುವೆಂದು ಒಪ್ಪಿಕೊಂಡಿತು. ವಾಟ್ಸ್‌ಆಪ್ ಸಂದೇಶಗಳು ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗುತ್ತವೆ ಎಂಬ ಸಮಾಧಾನವನ್ನು ಮಾರಾಟಗಾರರು ಧಾರಾಳವಾಗಿ ಹೇಳುತ್ತಾರೆ. ದಾರಿಯ ಆ ತುದಿಯಲ್ಲಿ ಬಾಟನ್ನು ನಡೆಸುವವನು ಗೂಢಲಿಪಿಯನ್ನು ಬಿಡಿಸಿಯೇ ಓದಬೇಕಲ್ಲವೆ? ಈ ತುದಿಯ ಮಾತಂತೂ ಇನ್ನೂ ಸರಳ. ನಮ್ಮ ಮನೆಗಳಲ್ಲಿ ಫೋನು ಒಬ್ಬರ ಸ್ವತ್ತಲ್ಲ: ಮಗ ಆಟಕ್ಕೆ, ಗಂಡ ರೀಲ್ಸಿಗೆ, ಅತ್ತೆ ದೊಡ್ಡ ಮಗಳೊಡನೆ ಮಾತಿಗೆ ಅದನ್ನೇ ಎಳೆದುಕೊಳ್ಳುತ್ತಾರೆ, ಅವರ ಕೈಯಲ್ಲಿರುವಾಗ 'ನಿಮ್ಮ ಎಆರ್‌ಟಿ ಮಾತ್ರೆಯ ಸಮಯ' ಎಂದು ಪರದೆಯ ನೆತ್ತಿಯಲ್ಲಿ ಮಿನುಗಿದರೆ ಮುಗಿಯಿತು. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಮ್ಮ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ, ಒಬ್ಬನ ಸೋಂಕಿನ ವಿಷಯವನ್ನು ಅವನ ಸಮ್ಮತಿಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸಿ, ದಾಖಲೆಗಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ಅವುಗಳ ರಕ್ಷಣೆಗೆ ವ್ಯವಸ್ಥೆ ಮಾಡಬೇಕೆಂದು ವಿಧಿಸಿದೆ. ಬಾಟಿನ ಸಂಭಾಷಣೆಗಳೂ ಈ ದಾಖಲೆಗಳ ವರ್ಗಕ್ಕೇ ಸೇರತಕ್ಕವು ಎಂದು ಇಂತಹ ಯೋಜನೆಯ ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಅದಕ್ಕೂ ಮುಖ್ಯವಾಗಿ, ನೈರೋಬಿಯವರ ಜಾಣ್ಮೆಯನ್ನು ಕಲಿತು ಸಂದೇಶದ ಮೊದಲ ಸಾಲಿನಲ್ಲಿ ರೋಗದ ಹೆಸರನ್ನು ತರದಿರಬೇಕು.

ಕನ್ನಡದ ಸಮಸ್ಯೆ ಇವೆಲ್ಲಕ್ಕಿಂತ ಕ್ಲಿಷ್ಟ. ಸರ್ಕಾರಿ ಕನ್ನಡ 'ವೈರಾಣು ನಿರೋಧಕ ಚಿಕಿತ್ಸಾ ಅನುಪಾಲನೆ' ಎನ್ನುತ್ತದೆ. ಒಂದು ಕಾಲದಲ್ಲಿ ಸೋಂಕು ರಾಜ್ಯದ ಸರಾಸರಿಯನ್ನು ಬಹುವಾಗಿ ಮೀರಿದ್ದ ಬಾಗಲಕೋಟೆಯ ಸೀಮೆಯಲ್ಲಿ ಹೆಂಗಸು ಕೇಳುವುದು, 'ಗುಳಿಗಿ ತಗೊಂಡ ಮ್ಯಾಲೆ ತಲಿ ತಿರಗಾಕತ್ತೈತ್ರಿ, ಬಿಡ್ಲೇನು?' ಎಂದು. ಮಂಡ್ಯದವನು ಇಂಗ್ಲಿಷ್ ಅಕ್ಷರಗಳಲ್ಲಿ, ವ್ಯಾಕರಣ ವಿರಾಮಚಿಹ್ನೆಗಳ ಗೊಡವೆಯಿಲ್ಲದೆ, ಅದನ್ನೇ ಬೇರೊಂದು ಬಗೆಯಲ್ಲಿ ಬರೆಯುತ್ತಾನೆ. ಬಹುಮಂದಿ ಬರೆಯುವುದೇ ಇಲ್ಲ. ಧ್ವನಿಸಂದೇಶ ಕಳುಹಿಸುತ್ತಾರೆ, ಹಿಂದಿನಿಂದ ಕೋಳಿ ಕೂಗುತ್ತಿರುತ್ತದೆ. ರೋಗದ ಹೆಸರನ್ನು ಅವರು ಎಂದೂ ಎತ್ತುವುದಿಲ್ಲ. 'ಅದು', 'ಆ ಕಾಯಿಲೆ', 'ನಮಗ ಬಂದದ್ದು' ಎಂಬ ಸುತ್ತುಮಾತುಗಳಲ್ಲಿಯೇ ಎಲ್ಲ ನಡೆಯುತ್ತದೆ. ಇನ್ನು ಬದುಕಲು ಮನಸ್ಸಿಲ್ಲವೆಂಬುದನ್ನು ನಮ್ಮವರು ಆ ಶಬ್ದಗಳಲ್ಲಿ ಹೇಳುವುದು ಅಪರೂಪ. 'ಸಾಕಾಗೈತ್ರಿ' ಎನ್ನುತ್ತಾರೆ, 'ಹುಡ್ರನ್ನ ತವರಿಗೆ ಬಿಟ್ಟು ಬರ್ತೀನಿ' ಎನ್ನುತ್ತಾರೆ. ಇಂಗ್ಲಿಷಿನ ಅಪಾಯಸೂಚಕ ಪದಗಳ ಪಟ್ಟಿಯನ್ನು ಅನುವಾದಿಸಿ ತುಂಬಿಕೊಂಡ ಯಂತ್ರ ಈ ವಾಕ್ಯವನ್ನು ಪ್ರಯಾಣದ ಮಾಹಿತಿಯೆಂದು ಭಾವಿಸಿ ಶುಭ ಕೋರಿದರೂ ಕೋರೀತು. ಇದನ್ನು ಕೇಳಿದೊಡನೆ ಎದ್ದು ಕೂರುವವಳು ಅಲ್ಲಿಯ ಆಪ್ತಸಮಾಲೋಚಕಿ, ಇಲ್ಲವೆ ಅದೇ ದಾರಿಯಲ್ಲಿ ನಡೆದು ಬಂದ ಮತ್ತೊಬ್ಬ ಪಾಸಿಟಿವ್ ಹೆಂಗಸು. ಬಾಟಿನ ಉತ್ತರಗಳನ್ನು ಬರೆಯಲು ಕುಳ್ಳಿರಿಸಬೇಕಾದವರು ಇವರು. ರಾಜಧಾನಿಯ ಅನುವಾದಕರನ್ನು ಆಮೇಲೆ ಕರೆದರೂ ನಡೆದೀತು.

ಕರೆಸಿಕೊಳ್ಳಲು ಮನುಷ್ಯರು ನಮ್ಮಲ್ಲಿ ಇಲ್ಲದಿಲ್ಲ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097 ಶುಲ್ಕವಿಲ್ಲದೆ ಕನ್ನಡದಲ್ಲಿಯೂ ದೊರೆಯುತ್ತದೆ. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಇದೆ, ಅದರ ಸೂತ್ರವನ್ನು ಹಿಡಿದಿರುವುದು ಬೆಂಗಳೂರಿನ ನಿಮ್ಹಾನ್ಸ್. ಸೋಂಕಿನೊಡನೆ ಬದುಕುವವರು ತಾವೇ ಕಟ್ಟಿಕೊಂಡ ಜಿಲ್ಲಾ ಸಂಘಗಳಿವೆ. ಬಾಟ್ ಒಂದು ಕ್ಷಣ ತಡಮಾಡದೆ ಈ ಬಾಗಿಲುಗಳಿಗೆ ಕರೆದೊಯ್ದರೆ ಅದರ ಅರ್ಧ ಸಾರ್ಥಕ್ಯ ಅಲ್ಲಿಯೇ ಆಯಿತು. ಆದರೆ ಆಪ್ತಸಮಾಲೋಚಕರೆಂಬವರು ಇಪ್ಪತ್ತು ವರ್ಷ ದುಡಿದ ಬಳಿಕವೂ ಗುತ್ತಿಗೆಯ ನೌಕರರಾಗಿಯೇ ಉಳಿದಿರುವ ರಾಜ್ಯದಲ್ಲಿ, ಬಾಟ್ ಬಂದಿತೆಂದೊಡನೆ ಲೆಕ್ಕಪತ್ರದವರ ಕಣ್ಣು ಮೊದಲು ಬೀಳುವುದು ಯಾರ ಹುದ್ದೆಯ ಮೇಲೆಂಬುದನ್ನು ಊಹಿಸಲು ಜ್ಯೋತಿಷ್ಯ ಬೇಡ. ಇಂತಹ ಸಾಧನವನ್ನು ಆರೋಗ್ಯ ಇಲಾಖೆಗೆ ಮಾರಲು ಬರುವ ಕಂಪನಿಯವರು ಪರದೆಯ ಮೇಲೆ ಬಣ್ಣದ ನಕ್ಷೆಗಳನ್ನು ತೋರಿಸುವ ಮೊದಲು, ರಾತ್ರಿ ಎರಡು ಗಂಟೆಗೆ ಹುನಗುಂದದಿಂದ 'ಸಾಕಾಗೈತ್ರಿ' ಎಂದು ಬಂದ ಸಂದೇಶಕ್ಕೆ ಎಷ್ಟು ನಿಮಿಷದೊಳಗೆ, ಯಾವ ಹುದ್ದೆಯ, ಯಾವ ಸಂಬಳದ ಮನುಷ್ಯರು ಫೋನೆತ್ತಿ ಮಾತಾಡುತ್ತಾರೆಂದು ಟೆಂಡರಿನ ಮೊದಲನೆಯ ಪುಟದಲ್ಲಿಯೇ ಬರೆದುಕೊಡಲಿ; ಆ ಸಂಬಳದ ಬಾಬತ್ತನ್ನು ಬಾಟಿನ ಬೆಲೆಯೊಳಗೇ ಸೇರಿಸಲಿ.